ಡೊಂಕು ನೆಲದ ಅಳತೆ

(ಮಹಿಳಾ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ಒಂದಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಯಾಕೆ ಕೆಳಗೆ ಕುಳಿತು ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿ ಹುಡುಕುತ್ತಿರುವುದು ಕಾಣುತ್ತಿದೆ. ಈ ವೇದಿಕೆಗೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಸಂಘಟಕರು ಒಳ್ಳೆಯವರು, ಕುರ್ಚಿ ಸಮೇತ ಎತ್ತಿ ಮೇಲಿಡಲು ನಾಲ್ವರು ಹುಡುಗರನ್ನು ಗೊತ್ತು ಮಾಡಿದ್ದರು. ನಾನು ಬೇಡವೆಂದೆ. ನಾಲ್ಕು ಜನ ಹೊತ್ತುಕೊಂಡು ಹೋಗುವ ದಿನ ಎಲ್ಲರಿಗೂ ಒಮ್ಮೆ ಬಂದೇ ಬರುತ್ತದೆ, ಇಂದೇ ಏನು ಅವಸರ? ಮೈಕನ್ನು ಕೆಳಗೆ ತಂದರು, ಕೆಲಸ ಮುಗಿಯಿತು. ಪ್ರಾಂಶುಪಾಲರೂ ಇಳಿದು ಬಂದು ಪಕ್ಕದಲ್ಲಿ ಕುಳಿತಿದ್ದಾರೆ. ವೇದಿಕೆಯ ಮೇಲೆ ಈಗ ಹೂಕುಂಡ ಮಾತ್ರ ಇದೆ.

ಆಮಂತ್ರಣ ಪತ್ರಿಕೆಯಲ್ಲಿ ‘ಅಂಗವೈಕಲ್ಯವನ್ನು ಮೆಟ್ಟಿ ನಿಂತ ಸಾಧಕಿ’ ಎಂದು ಹಾಕಿದ್ದೀರಿ. ನಾನು ಏನನ್ನೂ ಮೆಟ್ಟಿ ನಿಂತಿಲ್ಲ. ಹತ್ತು ನಿಮಿಷ ನಿಂತರೆ ಸೊಂಟ ಹಿಡಿದುಕೊಳ್ಳುತ್ತದೆ. ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ, ಇಪ್ಪತ್ತೈದು ವರ್ಷದಿಂದ ಕಡತ ಕಟ್ಟುತ್ತಿದ್ದೇನೆ, ಬಿಚ್ಚುತ್ತಿದ್ದೇನೆ. ಇಷ್ಟೇ ಕೆಲಸವನ್ನು ಎರಡೂ ಕಾಲಿರುವ ಸಹೋದ್ಯೋಗಿ ಮಾಡಿದರೆ ಅವಳನ್ನು ಯಾರೂ ಸಾಧಕಿ ಎನ್ನುವುದಿಲ್ಲ, ‘ತಡವಾಗಿ ಬರುತ್ತಾಳೆ’ ಎನ್ನುತ್ತಾರೆ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಳ್ಳಿಯಲ್ಲಿ ಇದನ್ನು ಇನ್ನೂ ಒರಟಾಗಿ ಹೇಳುತ್ತಾರೆ, ಅದು ಇಲ್ಲಿ ಬೇಡ. ಅಂದದ್ದು ಯಾರು ನೋಡಿ: ಎಂದನಂತೆ ಅಲ್ಲ, ಎಂದಳಂತೆ. ನೆಪ ಹೇಳುವುದು ಹೆಂಗಸೇ ಎಂದು ಮೊದಲೇ ತೀರ್ಮಾನವಾಗಿದೆ. ನೆಪಕ್ಕೆ ಏನೆನ್ನುತ್ತೇವೆ? ಕುಂಟು ನೆಪ. ಅಲ್ಲಿಗೆ ಎರಡು ಕಡೆಯಿಂದಲೂ ನಾನೇ ಸಿಕ್ಕಿಬಿದ್ದೆ. ಗಾದೆ ಕಟ್ಟಿದವರು ಯಾರೂ ಬಗ್ಗಿ ನೆಲವನ್ನು ನೋಡಿದಂತಿಲ್ಲ. ನಾನು ನೋಡುತ್ತೇನೆ. ನನ್ನ ಕೈಚೀಲದಲ್ಲಿ ದರ್ಜಿಗಳ ಟೇಪು ಸದಾ ಇರುತ್ತದೆ, ಇದೇ ನೋಡಿ. ಬಂದ ಕೂಡಲೇ ನಿಮ್ಮ ವೇದಿಕೆಯನ್ನು ಅಳೆಸಿದೆ. ನಾಲ್ಕು ಮೆಟ್ಟಿಲು ಎಂಟೆಂಟು ಇಂಚು, ಕೊನೆಯದು ಹತ್ತು. ಲೆಕ್ಕ ತಪ್ಪಿದಾಗ ಉಳಿದ ಎತ್ತರವನ್ನೆಲ್ಲ ಗೌಂಡಿ ಕೊನೆಯ ಮೆಟ್ಟಿಲಿಗೆ ಹಾಕಿಬಿಡುತ್ತಾನೆ. ನನ್ನ ಎಡಗಾಲು ಏರುವುದು ಆರು ಇಂಚು. ಈಗ ಹೇಳಿ, ನೆಲ ಡೊಂಕೋ ಅಲ್ಲವೋ?

ನಾನು ಹುಟ್ಟಿದ್ದು 1975ರಲ್ಲಿ, ಗದಗ ಸೀಮೆಯ ಹಳ್ಳಿಯಲ್ಲಿ. ಒಂದೂವರೆ ವರ್ಷದವಳಿದ್ದಾಗ ಜ್ವರ ಬಂತು, ಸೂಜಿ ಮಾಡಿಸಿದರು, ಮರುದಿನ ಎಡಗಾಲು ಬಿದ್ದುಹೋಯಿತು. ಪೋಲಿಯೋ ಆದವರ ತಾಯಂದಿರನ್ನು ಯಾರನ್ನು ಕೇಳಿದರೂ ಇದೇ ಮೂರು ವಾಕ್ಯ ಹೇಳುತ್ತಾರೆ: ಜ್ವರ, ಸೂಜಿ, ಕಾಲು. ಓದದ ಹೆಂಗಸರ ಮೂಢನಂಬಿಕೆ ಎಂದು ನಾನೇ ಬಹಳ ಕಾಲ ನಕ್ಕಿದ್ದೆ. ಆಮೇಲೆ ಗೊತ್ತಾಯಿತು, ವೈದ್ಯರೂ ಇದನ್ನು ಒಪ್ಪುತ್ತಾರೆ. ವೈರಾಣು ಮೈಯಲ್ಲಿರುವಾಗ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಟ್ಟರೆ ಆ ಅಂಗಕ್ಕೇ ಲಕ್ವ ಹೊಡೆಯುವ ಸಂಭವ ಹೆಚ್ಚುತ್ತದೆ. ಆ ತಾಯಂದಿರು ಕಂಡದ್ದನ್ನೇ ಹೇಳಿದ್ದರು. ನಮ್ಮ ಅವ್ವ ಮಾತ್ರ ಆ ಸೂಜಿಯನ್ನು ತಾನೇ ಚುಚ್ಚಿದವಳಂತೆ ಐವತ್ತು ವರ್ಷ ಹೊತ್ತಿದ್ದಾಳೆ. ಅಪ್ಪನೂ ಆಸ್ಪತ್ರೆಗೆ ಜೊತೆಯಲ್ಲೇ ಹೋಗಿದ್ದ. ಅವನನ್ನು ಊರು ಒಂದು ದಿನವೂ ಕೇಳಲಿಲ್ಲ.

1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ. ನಮ್ಮ ಸೀಮೆಯ ಮೇಲೆಯೇ ಹಾದುಹೋಯಿತು. ಹುಬ್ಬಳ್ಳಿಯ ಕಡೆ, ರಾಯಚೂರಿನ ಕಡೆ ವಿಜ್ಞಾನಿಗಳು ದುರ್ಬೀನು ಹೂಡಿಕೊಂಡು ಕುಳಿತಿದ್ದರು. ನಮ್ಮ ಮನೆಯವರು ನನ್ನನ್ನು ತಿಪ್ಪೆಯಲ್ಲಿ ಹೂಳಿದರು. ನಗಬಹುದು, ನಾನೂ ನಗುತ್ತೇನೆ. ಗ್ರಹಣದ ಹೊತ್ತಿನಲ್ಲಿ ಕಾಲಿಲ್ಲದ ಮಗುವನ್ನು ತಿಪ್ಪೆಯಲ್ಲಿ ಹೂತರೆ ಕಾಲು ಬರುತ್ತದೆಂದು ನಂಬಿಕೆ. ನನಗೆ ಐದು ತುಂಬಿರಲಿಲ್ಲ, ಆದರೂ ಚೆನ್ನಾಗಿ ನೆನಪಿದೆ. ಎದೆಯವರೆಗೆ ಗೊಬ್ಬರ. ತಿಪ್ಪೆಯ ಒಳಗು ಬೆಚ್ಚಗಿರುತ್ತದೆ, ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಮೇಲೆ ನೋಡಬಾರದೆಂದು ತಲೆಯ ಮೇಲೆ ಅಪ್ಪನ ಟವೆಲು ಹೊದಿಸಿದ್ದರು. ಹಾಗಾಗಿ ನನಗೆ ಕಂಡದ್ದು ಬೇವಿನ ಮರದ ಕೆಳಗಿನ ನೆಲ ಮಾತ್ರ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ನೆಲದ ತುಂಬ ನೂರಾರು ಸಣ್ಣ ಬೆಳಕಿನ ಕುಡುಗೋಲುಗಳು. ಅವು ಸಪೂರವಾಗುತ್ತ ಹೋದವು, ಕೋಳಿಗಳು ಗೂಡಿಗೆ ನಡೆದವು, ಗಾಳಿ ತಣ್ಣಗಾಯಿತು, ಒಮ್ಮೆಲೇ ಕತ್ತಲೆ.

ಎರಡು ಮೂರು ನಿಮಿಷದಲ್ಲಿ ಬೆಳಕು ಬಂತು. ಆಯಿ, ಅಂದರೆ ನಮ್ಮ ಅಜ್ಜಿ, ತಿಪ್ಪೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, “ಕಾಲು ಆಡಿಸು ನೋಡೋಣ ನನ್ನವ್ವ” ಎಂದಳು. ನಾನು ಆಡಿಸಿದೆ. ಗೊಬ್ಬರ ಅಲುಗಿತು. ಆಯಿ ಕಿರುಚಿದಳು, ಅವ್ವ ಓಡಿ ಬಂದಳು, ಕಾಕಾ ಕೈಯಿಂದಲೇ ಬಗೆಯತೊಡಗಿದ. ಹೊರಗೆ ತೆಗೆದು ನೋಡಿದರೆ ಅಲುಗಿದ್ದು ಬಲಗಾಲು. ಅದು ಮೊದಲಿನಿಂದಲೂ ಅಲುಗುತ್ತಿತ್ತು.

2019ರ ಡಿಸೆಂಬರ್ 26ರಂದು ಮತ್ತೆ ಗ್ರಹಣ. ಕಲಬುರಗಿ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಹೂತದ್ದನ್ನು ಟಿವಿಯಲ್ಲಿ ತೋರಿಸಿದರು. ಕಚೇರಿಯಲ್ಲಿ ಎಲ್ಲರೂ “ಎಂಥ ಕ್ರೂರಿಗಳು, ಆ ತಂದೆ-ತಾಯಿಗಳನ್ನು ಒಳಗೆ ಹಾಕಬೇಕು” ಎಂದರು. ನಾನು ಸುಮ್ಮನಿದ್ದೆ. ತಪ್ಪು ಎನ್ನುವುದರಲ್ಲಿ ಅನುಮಾನವಿಲ್ಲ, ಅಳುವ ಮಗುವನ್ನು ಹೂಳುವುದು ತಪ್ಪೇ. ಆದರೆ ಸಂಜೆ ಮನೆಗೆ ಬಂದು ಅವ್ವನನ್ನು ಕೇಳಿದೆ: ಅವತ್ತು ಯಾರ ತೀರ್ಮಾನ ಅದು? ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಗುಂಡಿ ನಾನೇ ತೋಡಿದೆ. ಕಲ್ಲು, ಮುಳ್ಳು, ಗಾಜು ಇರಬಾರದೆಂದು ಹಿಂದಿನ ರಾತ್ರಿ ಬುಟ್ಟಿ ಬುಟ್ಟಿ ಗೊಬ್ಬರ ಜಾಲಿಸಿದೆ” ಎಂದಳು. ಮೂರು ರೊಟ್ಟಿ ಆದ ಮೇಲೆ, “ದವಾಖಾನೆಯವರು ಬೇರೆ ಏನಾದರೂ ಹೇಳಿದ್ದರೆ ಅದನ್ನೂ ಮಾಡುತ್ತಿದ್ದೆ” ಎಂದಳು. ಹೇಳಿರಲಿಲ್ಲ. ಕಾಲು ಬರುವುದಿಲ್ಲ, ಆದರೆ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಎಂಬುದೊಂದಿದೆ, ಶಾಲೆಗೆ ಕಳಿಸಿ ಎಂದು ಯಾರಾದರೂ ಹೇಳಲು ಇನ್ನೂ ಆರು ವರ್ಷ ಬೇಕಾಯಿತು.

ಆ ಆರು ವರ್ಷ ನಾನು ತೊಡೆಗೆ ಕೈ ಒತ್ತಿಕೊಂಡು ನಡೆದೆ. ಪೋಲಿಯೋ ಆದವರ ನಡಿಗೆ ಅದು, ನೋಡಿರುತ್ತೀರಿ. ಮೊಣಕಾಲು ಮಡಚಿಕೊಂಡು ಬೀಳದಂತೆ ಪ್ರತಿ ಹೆಜ್ಜೆಗೂ ಅಂಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತುವುದು. ನನ್ನ ಲಂಗಗಳೆಲ್ಲ ಎಡತೊಡೆಯ ಮೇಲೆ ಅಂಗೈ ಅಗಲದಷ್ಟು ಸವೆದು ಜಾಳಾಗುತ್ತಿದ್ದವು. ಉಳಿದ ಬಟ್ಟೆ ಹೊಸದರಂತೆಯೇ ಇರುತ್ತಿತ್ತು. ಅವ್ವ ಅಲ್ಲಿ ಒಳಗಿನಿಂದ ತೇಪೆ ಹಾಕುತ್ತಿದ್ದಳು. ಕೊನೆಗೆ ಬುದ್ಧಿ ಕಲಿತು, ಹೊಸ ಲಂಗ ಹೊಲಿಸುವಾಗಲೇ ಆ ಜಾಗಕ್ಕೆ ಎರಡು ಪದರ ಬಟ್ಟೆ ಕೊಡಿಸತೊಡಗಿದಳು.

ಹನ್ನೊಂದನೆಯ ವಯಸ್ಸಿಗೆ ಕ್ಯಾಲಿಪರ್ ಬಂತು. ಕಬ್ಬಿಣದ ಎರಡು ಪಟ್ಟಿ, ಚರ್ಮದ ಬೆಲ್ಟು, ಅದಕ್ಕೆ ಹೊಂದಿಸಿದ ಬೂಟು. ಮೊಣಕಾಲಿನ ಬಳಿ ಒಂದು ಬೀಗ. ನಿಲ್ಲುವಾಗ ಉಂಗುರ ಕೆಳಗಿಳಿದು ‘ಟಕ್’ ಎನ್ನುತ್ತದೆ, ಕೂರುವಾಗ ಬೆರಳಿನಿಂದ ಮೇಲೆತ್ತಬೇಕು. ಬೀಗ ತೆಗೆಯದೆ ಕುಳಿತರೆ ಕಾಲು ತೋಪಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೀಗ ಬೀಳದೆ ನಿಂತರೆ ನೆಲಕ್ಕೆ. ಸೀರೆ ಉಡತೊಡಗಿದ ಮೇಲೆ ನೆರಿಗೆ ಆ ಬೀಗಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಬೆಲ್ಟು ಹರಿದರೆ ಊರ ಚಮ್ಮಾರಣ್ಣನೇ ಗತಿ. ಆತ ಎಷ್ಟೋ ಸಲ ದುಡ್ಡು ತೆಗೆದುಕೊಳ್ಳದೆ ಹೊಲಿದು ಕೊಟ್ಟಿದ್ದಾನೆ. ನನ್ನ ಕಾಲನ್ನು ಅಯ್ಯೋ ಪಾಪ ಎನ್ನದೆ ಕೆಲಸದ ವಸ್ತುವಿನಂತೆ ನೋಡಿದ ಮೊದಲ ಮನುಷ್ಯ ಆತ. “ಇಲ್ಲಿ ತಿಕ್ಕುತ್ತಿದೆಯೇ? ಎರಡು ತೂತು ಮುಂದಕ್ಕೆ ಹಾಕೋಣ” ಎನ್ನುತ್ತಿದ್ದ.

ಈಗ ಚಹಾದ ವಿಷಯ. ಹುಡುಗಿಯರೇ, ಇದು ನಿಮಗೂ ಬರುವಂಥದ್ದು, ಗಮನ ಕೊಡಿ.

ನನಗೆ ಇಪ್ಪತ್ತೆರಡು. ಪದವಿ ಮುಗಿದಿತ್ತು. ಕನ್ಯೆ ನೋಡಲು ಬಂದರು. ಗಂಡು ನಲವತ್ತೊಂದರ ವಿಧುರ, ಇಬ್ಬರು ಮಕ್ಕಳು. ನನಗೆ ಅಂಥವರೇ ಬರುತ್ತಿದ್ದರು. ತಂಗಿಯನ್ನು ಬೆಳಗ್ಗೆಯೇ ಚಿಗವ್ವನ ಮನೆಗೆ ಸಾಗಹಾಕಿದ್ದರು, ಅವಳು ಕಣ್ಣಿಗೆ ಬಿದ್ದರೆ ಅವಳನ್ನೇ ಕೇಳಿಬಿಡುತ್ತಾರೆಂದು. ಉಪ್ಪಿಟ್ಟು ಆಯಿತು. ಚಹಾ ತರಬೇಕಾದವಳು ಕನ್ಯೆ, ಅದು ಶಾಸ್ತ್ರ. ನನ್ನ ಬಲಗೈಯಲ್ಲಿ ಊರುಗೋಲು. ಉಳಿದದ್ದು ಒಂದು ಕೈ, ತಾಟಿಗೆ ಎರಡು ಕೈ ಬೇಕು. ಹಿಂದಿನ ದಿನವೇ ಮನೆಯಲ್ಲಿ ಇದರ ಮೇಲೆ ಸಭೆ ನಡೆದಿತ್ತು. ಅವ್ವ ಬಾಗಿಲವರೆಗೆ ತಾಟು ತರುವುದು, ನಾನು ಮೊದಲೇ ಕುರ್ಚಿಯಲ್ಲಿ ಕುಳಿತು ಕಾಲಿನ ಮೇಲೆ ಸೆರಗು ಹರಡಿಕೊಂಡಿರುವುದು, ಮುಂದಿನ ಸ್ಟೂಲಿನಿಂದ ಒಂದೊಂದು ಕಪ್ಪು-ಬಸಿ ಎತ್ತಿ ಕೊಡುವುದು. ನಾಟಕದ ತಾಲೀಮಿನಂತೆ ಎರಡು ಸಲ ಮಾಡಿ ನೋಡಿದ್ದೆವು. ಎಲ್ಲವೂ ಸರಿಯಾಗಿಯೇ ನಡೆಯಿತು. ಆಗ ಗಂಡಿನ ಅಕ್ಕ ಬಸಿಗೆ ಸುರಿದುಕೊಂಡ ಚಹಾ ಊದುತ್ತ, “ಒಂದು ನಾಲ್ಕು ಹೆಜ್ಜೆ ನಡೆದು ತೋರಿಸವ್ವ” ಎಂದರು.

ನಡೆದು ತೋರಿಸಿದೆ. ಟಕ್, ಎಳೆ, ಟಕ್, ಎಳೆ. ಗೋಡೆಯವರೆಗೆ ಹೋಗಿ ತಿರುಗಿದೆ. ಆ ಹೆಂಗಸು ಅಪ್ಪನ ಕಡೆ ತಿರುಗಿ, “ಬಾವಿಯಿಂದ ನೀರು ಹೇಗೆ ತರುತ್ತಾಳೆ?” ಎಂದರು. ನನ್ನನ್ನು ಕೇಳಲಿಲ್ಲ. ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದರು. ಹಾಗೆ ಐದು ಸಲ ಆಯಿತು. ಐದನೆಯವರು ಹೋದ ಮೇಲೆ ಅಪ್ಪ ಕಪ್ಪು-ಬಸಿಯ ಆ ಸೆಟ್ಟನ್ನು ಅಟ್ಟದ ಮೇಲಿಟ್ಟ.

ಇಲ್ಲಿಗೆ ಕಥೆ ಮುಗಿದರೆ ನಿಮಗೆ ಸಮಾಧಾನ: ಕಾಲಿಲ್ಲ, ಆದ್ದರಿಂದ ಮದುವೆಯಿಲ್ಲ. ಆದರೆ ನನಗೆ ಮೂವತ್ತನಾಲ್ಕು ಆದಾಗ ಪರಿಚಯದ ಒಬ್ಬರು ತಾವಾಗಿ ಕೇಳಿದರು. ಒಳ್ಳೆಯ ಮನುಷ್ಯ, ಕೆಲಸವಿತ್ತು, ಕುಡಿತವಿರಲಿಲ್ಲ. ನಾನು ಒಲ್ಲೆ ಎಂದೆ. ಊರಿಗೆ ಊರೇ ಬಾಯಿ ತೆರೆಯಿತು. ಅವನು ಬೇಡ ಎಂದಿದ್ದರೆ ಅರ್ಥವಾಗುತ್ತಿತ್ತು. ಇಂಥವಳು ಬೇಡ ಎನ್ನಬಹುದು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಕಾರಣ ಇಷ್ಟೇ, ಅವರು “ನಿಮಗೆ ಒಂದು ಬಾಳು ಕೊಡಬೇಕೆಂದಿದ್ದೇನೆ” ಎಂದರು. ನನ್ನ ಬಳಿ ಒಂದು ಬಾಳು ಆಗಲೇ ಇತ್ತು. ಎರಡನೆಯದನ್ನು ಎಲ್ಲಿ ಇಡಲಿ?

ಬಾಳು ಕೊಡುವವರಿಗೆ ಸರ್ಕಾರವೂ ಒಂದು ದರ ಕಟ್ಟಿದೆ. ನಮ್ಮ ರಾಜ್ಯದಲ್ಲಿ ಅಂಗವಿಕಲರನ್ನು ಮದುವೆಯಾದವರಿಗೆ 50,000 ರೂಪಾಯಿ ಪ್ರೋತ್ಸಾಹಧನದ ಯೋಜನೆ ಇದೆ. ಆ ಹಣದಿಂದ ಸಂಸಾರ ಹೂಡಿದವರು ನನಗೆ ಗೊತ್ತು, ಚೆನ್ನಾಗಿದ್ದಾರೆ, ಅದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಆ ಅರ್ಜಿ ನಮೂನೆಯನ್ನು ಮೊದಲ ಸಲ ಓದಿದ ದಿನ ಊಟ ಸೇರಲಿಲ್ಲ. ಬೇರೆ ಯಾವುದಕ್ಕೆ ಪ್ರೋತ್ಸಾಹಧನ ಕೊಡುತ್ತಾರೆ, ನೀವೇ ಯೋಚಿಸಿ. ತಾವಾಗಿ ಯಾರೂ ಮಾಡಲು ಮುಂದೆ ಬರದ ಕೆಲಸಕ್ಕೆ.

ಹೆಣ್ಣು ಎಂದು ನನ್ನನ್ನು ಲೆಕ್ಕಕ್ಕೆ ಹಿಡಿಯದಿರುವುದು ಸಣ್ಣ ಸಣ್ಣ ಜಾಗಗಳಲ್ಲಿ ಗೊತ್ತಾಗುತ್ತದೆ. ಮೊದಲ ಸಂಬಳದಲ್ಲಿ ಇಳಕಲ್ ಸೀರೆ ಕೊಳ್ಳಲು ಅಂಗಡಿಗೆ ಹೋದೆ, ಕೆಂಪು ಟೋಪು ತೆನೆ ಸೆರಗಿನದು. ಅಂಗಡಿಯವರು ಪ್ರೀತಿಯಿಂದಲೇ, “ಯಾರಿಗೆ ಅಕ್ಕಾರೆ, ತಂಗಿಯ ಮದುವೆಗೇ?” ಎಂದರು. ನನಗೆ ಎಂದೆ. ಅವರು ಕೆಂಪನ್ನು ಮಡಚಿಟ್ಟು ಬೂದು ಬಣ್ಣದ್ದನ್ನು ಬಿಚ್ಚಿದರು. ಕಚೇರಿಯಲ್ಲಿ ಹೆಂಗಸರು ಗುಂಪಾಗಿ ಪಿಸುಮಾತಿನಲ್ಲಿ ನಗುತ್ತಿರುತ್ತಾರೆ, ನಾನು ಬಂದರೆ ಮಾತು ಮಳೆ-ಬೆಳೆಗೆ ಹೊರಳುತ್ತದೆ. ಅವರ ಕೆಟ್ಟತನವಲ್ಲ, ‘ಪಾಪ, ಅವಳ ಮುಂದೆ ಯಾಕೆ’ ಎಂಬ ಮರ್ಯಾದೆ. ನಮ್ಮ ಪುರಾಣಗಳಲ್ಲೂ ನನ್ನಂಥವರಿಗೆ ಇರುವುದು ಎರಡೇ ಪಾತ್ರ. ಒಬ್ಬಳು ಮಂಥರೆ, ಮನೆ ಮುರಿಯುವುದು ಅವಳ ಕೆಲಸ. ಇನ್ನೊಬ್ಬಳು ಕುಬ್ಜೆ, ಕೃಷ್ಣ ಬಂದು ನೆಟ್ಟಗೆ ಮಾಡಿದ ಮೇಲೆಯೇ ಸುಂದರಿ. ಗೂನು ಇದ್ದಂತೆಯೇ ಸಂತೆಗೆ ಹೋಗಿ ಬದನೆಕಾಯಿ ಚೌಕಾಸಿ ಮಾಡಿದವಳ ಕಥೆ ಯಾರೂ ಬರೆದಿಲ್ಲ.

ಆದರೆ ಒಂದು ಜಾಗದಲ್ಲಿ ಮಾತ್ರ ನಾನು ಹೆಣ್ಣೆಂಬುದು ಎಲ್ಲರಿಗೂ ತಟ್ಟನೆ ನೆನಪಾಗುತ್ತದೆ. ಬಸ್ಸು.

ಬಸ್ಸಿನ ಮೊದಲ ಮೆಟ್ಟಿಲು, ನಾನು ಅಳೆದದ್ದು, ನೆಲದಿಂದ ಹದಿನಾರು ಇಂಚು. ನನ್ನ ಲೆಕ್ಕ ಆರು ಎಂದೆನಲ್ಲ. ಉಳಿದ ಹತ್ತನ್ನು ಯಾರಾದರೂ ಎತ್ತಬೇಕು. ಬಗಲಿಗೆ ಕೈ ಕೊಟ್ಟು ಎತ್ತುವವರು ಇದ್ದಾರೆ, ಅವರು ಇಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಹಾಗೆಯೇ, ಎತ್ತುವ ನೆಪದಲ್ಲಿ ಕೈ ಎಲ್ಲೆಲ್ಲೋ ಇಡುವವರೂ ಇದ್ದಾರೆ. ನನ್ನ ಎರಡೂ ಕೈಯಲ್ಲಿ ಈಗ ಊರುಗೋಲು. ಸೆರಗು ಸರಿದರೆ ಸರಿಪಡಿಸಲು ಕೈ ಇಲ್ಲ, ಅದಕ್ಕೇ ಮೂರು ಪಿನ್ನು ಹಾಕುತ್ತೇನೆ. ಆ ಕೈಯನ್ನು ತಳ್ಳಬೇಕೆಂದರೆ ಊರುಗೋಲು ಬಿಡಬೇಕು, ಬಿಟ್ಟರೆ ಬೀಳಬೇಕು. ಬೀಳುವುದೋ, ಸಹಿಸುವುದೋ ಎಂಬುದನ್ನು ಎರಡು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಒಮ್ಮೆ ಬಿದ್ದೆ. ಬೇಕೆಂದೇ ಬಿದ್ದೆ, ಅವನ ಮೇಲೆಯೇ. ಕಬ್ಬಿಣದ ಕಾಲು ಅವನ ಪಾದದ ಮೇಲೆ ಇಳಿಯಿತು. ಬಸ್ಸಿನವರೆಲ್ಲ, “ಅಯ್ಯೋ, ಸಹಾಯ ಮಾಡಲು ಹೋದವನಿಗೆ ಪೆಟ್ಟಾಯಿತು” ಎಂದರು. ನಿಜ ಹೇಳಿದಾಗ ಒಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮನ್ನು ಯಾರು ಹಾಗೆ ಮಾಡುತ್ತಾರೆ ತಾಯಿ” ಎಂದರು. ಆ ‘ನಿಮ್ಮನ್ನು’ ಎಂಬ ಪದವನ್ನು ನಾನು ಆ ಮುಟ್ಟಿದವನಿಗಿಂತ ಹೆಚ್ಚು ನೆನಪಿಟ್ಟಿದ್ದೇನೆ.

ಇದಕ್ಕೊಂದು ಕಾನೂನಿದೆ, ಬರೆದುಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 92ನೇ ಕಲಮಿನಡಿ ಅಂಗವಿಕಲ ಮಹಿಳೆಯ ಮಾನಕ್ಕೆ ಕುಂದು ತರಲು ಬಲಪ್ರಯೋಗ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ನಾನು ಬಿದ್ದದ್ದು ಅದಕ್ಕೂ ಮೊದಲು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆಲ್ಲ ಸರ್ಕಾರಿ ಬಸ್ಸು ಪುಕ್ಕಟೆ. ನಮ್ಮ ಊರ ಹೆಂಗಸರು ಧರ್ಮಸ್ಥಳ ನೋಡಿ ಬಂದರು, ತವರಿಗೆ ಹೋಗಿ ಬಂದರು. ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಹೆಣ್ಣಾಗಿ ನನಗೆ ಟಿಕೆಟ್ಟು ಉಚಿತ. ಆದರೆ ಬಸ್ಸು ತುಂಬಿ ತುಳುಕತೊಡಗಿತು. ಅಂಗವಿಕಲರಿಗೆ ಮೀಸಲು ಎಂದು ಬರೆದ ಸೀಟಿನಲ್ಲಿ ಮೂವರು ಅಜ್ಜಿಯರು. ಅವರನ್ನು ಏಳಿಸಲು ನನಗೆ ಬಾಯಿ ಬರುವುದಿಲ್ಲ, ಅವರ ಮೊಣಕಾಲೂ ನನ್ನ ಕಾಲಿನ ಸಂಬಂಧಿಯೇ. ಹಾಗಾಗಿ ಈಗ ಟಿಕೆಟ್ಟು ಸೊನ್ನೆ, ಮೆಟ್ಟಿಲು ಮೊದಲಿನಂತೆಯೇ ಹದಿನಾರು.

ಕಚೇರಿಯ ಮಾತು ಚುಟುಕಾಗಿ ಹೇಳುತ್ತೇನೆ, ಅಲ್ಲೇ ಇನ್ನೂ ಎಂಟು ಹತ್ತು ವರ್ಷ ಕಳೆಯಬೇಕಲ್ಲ. ನನಗೆ ಕೆಲಸ ಸಿಕ್ಕಿದ್ದು 1995ರ ಕಾಯ್ದೆಯ ಶೇ 3ರ ಮೀಸಲಾತಿಯಲ್ಲಿ, ಹೊಸ ಕಾಯ್ದೆ ಅದನ್ನು ಶೇ 4 ಮಾಡಿತು. ಅದಕ್ಕಾಗಿ ಪ್ರಮಾಣಪತ್ರ ಬೇಕಿತ್ತು. ಆಸ್ಪತ್ರೆಯ ಹಾಲ್‌ನಲ್ಲಿ ಸಾಲು, ಮಧ್ಯದಲ್ಲಿ ಪರದೆಯೂ ಇರಲಿಲ್ಲ. ಸೀರೆ ಮೊಣಕಾಲಿನ ಮೇಲೆತ್ತಿ ಎಂದರು. ವೈದ್ಯರು ಟೇಪಿನಿಂದ ಎರಡೂ ತೊಡೆಯ ಸುತ್ತಳತೆ ಹಿಡಿದು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಜವಳಿ ಅಂಗಡಿಯ ಹಾಗೆ. ನನಗೆ ಶೇ 60 ಬಂತು, ಶೇ 40 ದಾಟಿದರೆ ಪಾಸು. ಪಕ್ಕದಲ್ಲಿದ್ದ ಹುಡುಗಿಗೆ ಶೇ 38 ಬಂದು ಅವಳು ಅತ್ತಳು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಫೇಲಾದವರು ಅಳುವಂತೆಯೇ. ಆಸ್ಪತ್ರೆಯಿಂದ ಹೊರಬಂದು ಎದುರಿನ ಅಂಗಡಿಯಲ್ಲಿ ಈ ಟೇಪು ಕೊಂಡೆ.

ನಮ್ಮ ಕಚೇರಿಯ ಜಗಲಿ ಎರಡೂವರೆ ಅಡಿ ಎತ್ತರ. ಇಳಿಜಾರು ದಾರಿಗೆ ನಿಯಮವಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಂದರೆ ಮೂವತ್ತು ಅಡಿ ಬೇಕು. ನಮ್ಮಲ್ಲಿ ಕಟ್ಟಿದ್ದು ಎಂಟು ಅಡಿ, ಮೇಲೆ ನುಣ್ಣನೆಯ ಟೈಲ್ಸು. ಮಳೆಗಾಲದಲ್ಲಿ ಮಕ್ಕಳು ಅದರ ಮೇಲೆ ಜಾರುಬಂಡೆ ಆಡುತ್ತಾರೆ, ಉಳಿದ ದಿನ ದ್ವಿಚಕ್ರ ವಾಹನಗಳು ನಿಂತಿರುತ್ತವೆ. ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ, ಇಂಥ ಮಾನದಂಡಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಹೇಳಿ ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ನಾನು ಆ ಸುದ್ದಿಯನ್ನು ಕತ್ತರಿಸಿ ಫಲಕಕ್ಕೆ ಅಂಟಿಸಿದೆ. ಅದರ ಮೇಲೆ ಯಾರೋ ಬೀಳ್ಕೊಡುಗೆ ಸಮಾರಂಭದ ಚೀಟಿ ಅಂಟಿಸಿದರು.

ಶೌಚಾಲಯ. ಹೌದು, ಈ ವಿಷಯವನ್ನೂ ಗಟ್ಟಿಯಾಗಿಯೇ ಹೇಳಬೇಕು. ಕ್ಯಾಲಿಪರ್ ಹಾಕಿದವಳು ಕುಕ್ಕರಗಾಲಿನಲ್ಲಿ ಕೂರಲಾರಳು. ಕುರ್ಚಿಯಂಥ ಕಮೋಡು ಇರುವ, ‘ವಿಕಲಚೇತನರಿಗೆ’ ಎಂದು ಬರೆದ ಒಂದು ಕೋಣೆ ನಮ್ಮಲ್ಲಿದೆ. ಒಳಗೆ ಪೊರಕೆ, ಫಿನಾಯಿಲ್ ಡಬ್ಬ, ಕಳೆದ ಚುನಾವಣೆಯ ರಟ್ಟಿನ ಪೆಟ್ಟಿಗೆಗಳು. ಬೀಗದ ಕೈ ಜವಾನರ ಬಳಿ, ಜವಾನರು ಟಪಾಲಿಗೆ ಹೋಗಿರುತ್ತಾರೆ. ಹಾಗಾಗಿ ಬೆಳಗ್ಗೆ ಅರ್ಧ ಲೋಟ ನೀರು ಕುಡಿದು ಹೊರಟರೆ ಮುಂದಿನದು ಸಂಜೆ ಮನೆಯಲ್ಲಿ. ಹದಿನೈದು ವರ್ಷ ಹೀಗೆ ನಡೆಸಿದೆ. ಮೂತ್ರಪಿಂಡದಲ್ಲಿ ಕಲ್ಲಾಯಿತು. ಗಂಡಸರಿಗೆ, ಅವರು ಅಂಗವಿಕಲರೇ ಆಗಿದ್ದರೂ, ಗೋಡೆ ಮರೆಯಾದರೂ ಇರುತ್ತದೆ. ಹೆಣ್ಣಾಗಿರುವುದು, ಕಾಲಿಲ್ಲದಿರುವುದು, ಇವೆರಡನ್ನು ಕೂಡಿಸಿದರೆ ಎರಡಾಗುತ್ತದೆ ಎಂದು ತಿಳಿಯಬೇಡಿ. ಗುಣಿಸಿ ನೋಡಿ. ಕಲ್ಲು ತೆಗೆಸಿಕೊಂಡು ರಜೆಯಿಂದ ಮರಳಿದ ದಿನ ನೇರವಾಗಿ ಸಾಹೇಬರ ಮುಂದೆ ಕುಳಿತು ಬೀಗದ ಕೈಗೆ ಲಿಖಿತ ಅರ್ಜಿ ಕೊಟ್ಟೆ. ಅರ್ಜಿ ಕಡತವಾಯಿತು, ಕಡತ ನನ್ನ ಮೇಜಿಗೇ ಬಂತು. ‘ಒಪ್ಪಿಸಬಹುದು’ ಎಂದು ನಾನೇ ಟಿಪ್ಪಣಿ ಬರೆದೆ. ಆ ಕೈ ಈಗ ನನ್ನ ತಾಳಿ ಇರಬೇಕಾದ ಜಾಗದಲ್ಲಿ, ಕರಿದಾರದಲ್ಲಿದೆ. ಬಂಗಾರದ್ದಲ್ಲ, ಆದರೂ ದಿನಕ್ಕೆ ಎರಡು ಸಲ ಉಪಯೋಗಕ್ಕೆ ಬರುತ್ತದೆ.

ನನ್ನ ಮೇಜಿಗೆ ಮಾಸಾಶನದ ಅರ್ಜಿಗಳೂ ಬರುತ್ತವೆ. ಮೊನ್ನೆ ಮೂವತ್ತರ ಹೆಂಗಸೊಬ್ಬಳನ್ನು ಅಣ್ಣ ಕರೆತಂದಿದ್ದ. ಹೆಸರೇನಮ್ಮ ಎಂದೆ, ಅಣ್ಣ ಹೇಳಿದ. ವಯಸ್ಸು? ಅಣ್ಣ. ಎಷ್ಟನೆಯ ತರಗತಿಯವರೆಗೆ ಓದಿದ್ದೀಯ? ಅಣ್ಣ. “ಅವಳಿಗೆ ಕಾಲಿಲ್ಲ ಸರಿ, ಬಾಯಿ ಇದೆಯಲ್ಲ” ಎಂದೆ. ಅವನು ನಕ್ಕ. ಅವಳು ನಗಲಿಲ್ಲ, ಅವನ ಮುಖ ನೋಡಿದಳು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅದರಲ್ಲಿ ಹೆಂಗಸರು 1.18 ಕೋಟಿ. ಓದು ಬರುವವರು ಗಂಡಸರಲ್ಲಿ ಶೇ 62, ಹೆಂಗಸರಲ್ಲಿ ಶೇ 45. ಆ ವ್ಯತ್ಯಾಸ ಅವತ್ತು ನನ್ನ ಮೇಜಿನ ಎದುರಿನ ಬೆಂಚಿನಲ್ಲಿ ಕುಳಿತಿತ್ತು. ಬ್ಯಾಂಕ್ ಖಾತೆ ಅವಳ ಹೆಸರಿನಲ್ಲೇ ಇರಬೇಕೆಂದು ನಾನು ಹಟ ಹಿಡಿದೆ. ಕಾರ್ಡು ಯಾರ ಜೇಬಿನಲ್ಲಿರುತ್ತದೆಂದು ನನಗೂ ಗೊತ್ತು.

ನಮ್ಮನ್ನು ಏನೆಂದು ಕರೆಯಬೇಕು ಎಂದು ಈಗಷ್ಟೇ ನಿರೂಪಣೆ ಮಾಡಿದ ಹುಡುಗಿ ಮೆಲ್ಲಗೆ ಕೇಳಿದಳು. ನನ್ನ ಕಾಲದಲ್ಲೇ ಇಲಾಖೆಯ ಬೋರ್ಡು ಎಷ್ಟೋ ಹೆಸರು ಕಂಡಿತು. ಹಳ್ಳಿಯಲ್ಲಿ ಕುಂಟಿ, ಅರ್ಜಿಯಲ್ಲಿ ಅಂಗವಿಕಲೆ, ಸಮಾರಂಭದಲ್ಲಿ ವಿಶೇಷಚೇತನೆ, 2015ರಿಂದ ದಿವ್ಯಾಂಗೆ. ವಿಕಲಚೇತನ ಎಂಬ ಪದ ಮಾತ್ರ ನನಗೆ ಹಿಡಿಸುವುದಿಲ್ಲ. ಬಿಡಿಸಿ ನೋಡಿ, ಚೇತನವೇ ವಿಕಲ ಎಂದಾಗುತ್ತದೆ. ನನ್ನದು ಕಾಲು ಮಾತ್ರ ಸ್ವಾಮಿ. ದಿವ್ಯ ಎನ್ನುವವರನ್ನು ನಾನು ಈ ಕಾಲನ್ನು ರಾತ್ರಿ ಎರಡು ಗಂಟೆಗೆ ಸೆಳೆತ ಬಂದಾಗ ನೋಡಲು ಕರೆಯುತ್ತೇನೆ. ಅಂಗವಿಕಲೆ ಎಂಬುದೇ ಸಾಕು, ಅದರಲ್ಲಿ ಸುಳ್ಳಿಲ್ಲ. ಹೆಸರು ಹಿಡಿದು ಕರೆದರೆ ಇನ್ನೂ ಒಳ್ಳೆಯದು.

ಮಾಲತಿ ಹೊಳ್ಳರ ಬಗ್ಗೆಯೂ ಹೇಳಬೇಕು. ನೀವು ಕೇಳಿರಬಹುದು, ಬೆಂಗಳೂರಿನವರು, ಒಂದು ವರ್ಷದ ಮಗುವಿದ್ದಾಗ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಗಾಲಿಕುರ್ಚಿಯಲ್ಲಿ ಕುಳಿತು ಪ್ಯಾರಾಲಿಂಪಿಕ್ಸ್‌ಗೆ ಹೋದವರು, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಅವರ ಫೋಟೋವನ್ನು ಪತ್ರಿಕೆಯಿಂದ ಕತ್ತರಿಸಿ ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೆ, ಈಗಲೂ ಇದೆ. ತೊಂದರೆ ಅವರಿಂದಲ್ಲ. ನಾನು ಮೆಟ್ಟಿಲಿನ ವಿಷಯ ಎತ್ತಿದ ಕೂಡಲೇ, “ಅವರನ್ನು ನೋಡಿ, ಜಾವೆಲಿನ್ ಎಸೆಯುತ್ತಾರೆ, ನಿಮಗೆ ಎರಡು ಮೆಟ್ಟಿಲು ಆಗುವುದಿಲ್ಲವೇ” ಎನ್ನುವವರಿಂದ. ಕಾಲಿರುವ ಎಷ್ಟು ಜನರನ್ನು ನಾವು ಪಿ.ಟಿ. ಉಷಾ ಅವರೊಂದಿಗೆ ಹೋಲಿಸಿ ಬಸ್ಸಿನ ಹಿಂದೆ ಓಡಿಸುತ್ತೇವೆ? ನನಗೆ ಅದಕ್ಕಿಂತ ಹತ್ತಿರವಾದವರು ಎನ್.ಎಸ್. ಹೇಮಾ. ತಾವೇ ಪೋಲಿಯೋ ಆದವರು, 1959ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಯಾರೋ ಬಂದು ಎತ್ತಲಿ ಎಂದು ಕಾಯಲಿಲ್ಲ.

ಪೋಲಿಯೋ ಈಗ ನಮ್ಮಲ್ಲಿ ಇಲ್ಲ. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದ ಒಂದು ಹೆಣ್ಣುಮಗುವಿನದು, 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂದು ಪ್ರಮಾಣಪತ್ರ ಬಂತು. ಅವತ್ತು ನಾನು ಕಚೇರಿಯಲ್ಲಿ ಪೇಡೆ ಹಂಚಿದೆ. ರೋಗ ಹೋಯಿತು, ರೋಗಿಗಳು ಉಳಿದೆವು, ಕೊನೆಯ ತಲೆಮಾರು. ಕಬ್ಬಿಣ-ಚರ್ಮದ ಕ್ಯಾಲಿಪರ್ ಮಾಡುವವರು ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದಾರೆ, ಚಮ್ಮಾರಣ್ಣನೂ ತೀರಿಕೊಂಡ. ನಲವತ್ತು ದಾಟಿದ ಮೇಲೆ ನನ್ನ ಒಳ್ಳೆಯ ಕಾಲೂ ಸೋಲತೊಡಗಿತು. ದಶಕಗಳ ಕಾಲ ಎರಡರ ಕೆಲಸ ಮಾಡಿದ ನರಗಳು ದಣಿಯುತ್ತವಂತೆ, ಪೋಲಿಯೋ ಆದವರಿಗೆ ಎಷ್ಟೋ ವರ್ಷದ ಮೇಲೆ ಹೀಗಾಗುತ್ತದೆ. ವೈದ್ಯರು, “ಇಷ್ಟು ದಿನ ಛಲದಿಂದ ನಡೆದಿರಿ, ಇನ್ನು ಛಲ ಬಿಡಿ, ವಿಶ್ರಾಂತಿ ತೆಗೆದುಕೊಳ್ಳಿ” ಎಂದರು. ಹಾಗೆ ಒಂದು ಊರುಗೋಲು ಎರಡಾಯಿತು. ತಿಪ್ಪೆಯಲ್ಲಿ ಆಯಿಯನ್ನು ಅಷ್ಟು ಸಂತೋಷಪಡಿಸಿದ ಬಲಗಾಲು ಅದು, ಅದಕ್ಕೂ ವಯಸ್ಸಾಯಿತು.

ಎರಡೂ ಕೈ ಊರುಗೋಲಿಗೆ ಹೋದ ಮೇಲೆ ಮನೆಯಲ್ಲಿ ಚಹಾ ಹೇಗೆ ತರುತ್ತೇನೆ ಎಂದು ಕೇಳುತ್ತೀರಾ? ಥರ್ಮಾಸಿಗೆ ಸುರಿದು, ಬಟ್ಟೆಯ ಚೀಲದಲ್ಲಿಟ್ಟು, ಕೊರಳಿಗೆ ಹಾಕಿಕೊಳ್ಳುತ್ತೇನೆ. ಲೋಟಗಳು ಇನ್ನೊಂದು ಚೀಲದಲ್ಲಿ. ಪಡಸಾಲೆಗೆ ಬಂದು ಕುಳಿತು ಸುರಿಯುತ್ತೇನೆ. ಅವ್ವ ಪ್ರತಿ ಸಲ, “ಇದು ಮೊದಲೇ ಹೊಳೆದಿದ್ದರೆ” ಎನ್ನುತ್ತಾಳೆ. ಹೊಳೆಯದೇ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನು ಅವಳಿಗೆ ಹೇಳುವುದಿಲ್ಲ.

ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದಾರೆ. ಮಾತು ಮುಗಿದ ಮೇಲೆ ಎಲ್ಲರಿಗೂ ಚಹಾ ಇದೆಯೆಂದು ಆಗಲೇ ಹೇಳಿದರು, ಸಿಬ್ಬಂದಿ ಕೊಠಡಿಯಲ್ಲಿ. ಸಿಬ್ಬಂದಿ ಕೊಠಡಿ ಎಲ್ಲಿದೆ ಮೇಡಂ? ಎರಡನೆಯ ಮಹಡಿಯಲ್ಲೇ? ಸರಿ. ಹಾಗಾದರೆ ನನ್ನದನ್ನು ಇಲ್ಲಿಗೇ ಕಳಿಸಿ, ಸಕ್ಕರೆ ಕಡಿಮೆ ಇರಲಿ. ತರುವ ಹುಡುಗಿ ತನಗೂ ಒಂದು ಲೋಟ ತಂದುಕೊಳ್ಳಲಿ, ಇಲ್ಲೇ ಕುಳಿತು ಕುಡಿಯೋಣ.